ವೃದ್ಧಾಪ್ಯದ ಔಷಧ: ಅಮೆರಿಕದ ಒಂದು ಶಾಸನದ ಕಥೆ

ಅರವತ್ತೈದು ವರ್ಷ ತುಂಬಿದವರ ಆಸ್ಪತ್ರೆಯ ವೆಚ್ಚಕ್ಕೂ ವೈದ್ಯರ ಶುಲ್ಕಕ್ಕೂ ಸರ್ಕಾರವೇ ಹೊಣೆಯಾಗತಕ್ಕ ಮೆಡಿಕೇರ್ ಶಾಸನಕ್ಕೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರ ಜುಲೈ 30ರಂದು ಅಂಕಿತ ಹಾಕಿದುದು ರಾಜಧಾನಿಯಲ್ಲಲ್ಲ, ಮಿಸೌರಿಯ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ. ಸಮಸ್ತ ಪ್ರಜೆಗಳಿಗೂ ಆರೋಗ್ಯವಿಮೆ ದೊರೆಯಬೇಕೆಂದು 1945ರಲ್ಲಿಯೇ ಕಾಂಗ್ರೆಸ್ಸಿನ ಮುಂದೆ ವಾದಿಸಿ ವಿಫಲರಾಗಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ನೆಲೆಸಿದ್ದ ಊರದು. ಮೊದಲ ಕಾರ್ಡು ಸಂದುದೂ ಅವರಿಗೇ. ಆದರೆ ಆ ಉದಾರ ಶಾಸನದಲ್ಲಿ ಒಂದು ಲೋಪ ಉಳಿದುಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಕೊಡುವ ಔಷಧಕ್ಕೆ ಹಣವುಂಟು. ಮನೆಗೆ ಮರಳಿದವನು ವೈದ್ಯರ ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಇಲ್ಲ.

ಇದನ್ನು ಶಾಸನಕರ್ತರ ನಿರ್ದಯೆಯೆಂದು ಭಾವಿಸುವುದು ನ್ಯಾಯವಲ್ಲ. ಅಂದಿನ ಖಾಸಗಿ ವಿಮೆಗಳನ್ನು ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ಅವುಗಳಲ್ಲಿ ಬಹುಪಾಲು ಮನೆಯ ಔಷಧವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ರಕ್ತದ ಒತ್ತಡ, ಮಧುಮೇಹ, ಹೃದ್ರೋಗಗಳನ್ನು ದಿನನಿತ್ಯದ ಗುಳಿಗೆಗಳಿಂದ ದಶಕಗಟ್ಟಲೆ ಹತೋಟಿಯಲ್ಲಿಡುವಷ್ಟು ವೈದ್ಯವಿಜ್ಞಾನವು ಬೆಳೆದಂತೆಲ್ಲ, ಆಯುಷ್ಯವನ್ನು ಹೆಚ್ಚಿಸಿದ ಔಷಧವೇ ಆ ಆಯುಷ್ಯದ ದುರ್ಭರ ವೆಚ್ಚವೂ ಆಯಿತು. ಸರ್ಕಾರವೇ ನೇಮಿಸಿದ ತಜ್ಞಮಂಡಲಿಯೊಂದು 1969ರಲ್ಲಿ ಔಷಧವನ್ನೂ ಸೇರಿಸಬೇಕೆಂದು ಶಿಫಾರಸು ಮಾಡಿತಾದರೂ ಅದು ಕಾರ್ಯಗತವಾಗಲಿಲ್ಲ.

1988ರ ಪ್ರಯತ್ನವು ವಿಶೇಷವಾಗಿ ಮನನಯೋಗ್ಯವಾದುದು. ಅಧ್ಯಕ್ಷ ರೇಗನ್ ಅವರ ಅಂಕಿತ ಪಡೆದ ಆ ಶಾಸನವು ಔಷಧದ ನೆರವನ್ನು ಒಳಗೊಂಡಿತ್ತು. ಆದರೆ ಅದರ ಭಾರವನ್ನು ದುಡಿಯುವ ಪೀಳಿಗೆಯ ಮೇಲೆ ಹೊರಿಸದೆ ವೃದ್ಧರ ಮೇಲೆಯೇ ಹೊರಿಸಿ, ಆದಾಯವುಳ್ಳವರಿಂದ ವರ್ಷಕ್ಕೆ 800 ಡಾಲರಿನವರೆಗೂ ಹೆಚ್ಚಿನ ಕಂತನ್ನು ವಸೂಲು ಮಾಡಲು ಹೊರಟಿತು. ತಮ್ಮ ಹಳೆಯ ಉದ್ಯೋಗದಾತರಿಂದ ಆ ಸೌಲಭ್ಯವನ್ನು ಆಗಲೇ ಪಡೆಯುತ್ತಿದ್ದವರು ಕ್ರುದ್ಧರಾದರು. 1989ರ ಆಗಸ್ಟಿನಲ್ಲಿ ಷಿಕಾಗೋ ನಗರದ ವೃದ್ಧರು, ಶಾಸನದ ಸೂತ್ರಧಾರರಲ್ಲೊಬ್ಬರಾದ ಡ್ಯಾನ್ ರಾಸ್ಟೆನ್‌ಕೌಸ್ಕಿ ಅವರ ಕಾರನ್ನು ಮುತ್ತಿದರು. ಅವರು ಇಳಿದು ಕಾಲ್ನಡಿಗೆಯಲ್ಲಿಯೇ ತಪ್ಪಿಸಿಕೊಳ್ಳಬೇಕಾಯಿತು. ಆ ವರ್ಷ ಮುಗಿಯುವುದರೊಳಗೆ, ಔಷಧದ ನೆರವು ಆರಂಭವಾಗುವ ಮುನ್ನವೇ, ಶಾಸನ ರದ್ದಾಯಿತು. ಆ ಕೋಪ ಅಕಾರಣವಾದುದಲ್ಲ. ಆದರೆ ಅದರ ಫಲವನ್ನು ಉಂಡವರು, ಬೇರೆ ಯಾವ ಆಸರೆಯೂ ಇಲ್ಲದ ಬಡ ವೃದ್ಧರು. ಮುಂದಿನ ದಶಕದಲ್ಲಿ ಗಡಿಯ ರಾಜ್ಯಗಳ ಮುದುಕರು ಬಸ್ಸುಗಳಲ್ಲಿ ಕೆನಡಾಕ್ಕೆ ಹೋಗಿ ಅದೇ ಔಷಧವನ್ನು ಅಗ್ಗವಾಗಿ ಕೊಂಡು ತರುತ್ತಿದ್ದರು.

ಕಡೆಗೆ 2003ರ ನವೆಂಬರ್ 22ರ ಬೆಳಗಿನ ಜಾವದಲ್ಲಿ, ಮತದಾನವನ್ನು ಸುಮಾರು ಮೂರು ಗಂಟೆಗಳ ಕಾಲ ಲಂಬಿಸಿ, ಪ್ರತಿನಿಧಿ ಸಭೆಯು 220–215 ಮತಗಳಿಂದ ಔಷಧದ ನೆರವಿನ ಹೊಸ ಮಸೂದೆಯನ್ನು ಅಂಗೀಕರಿಸಿತು. ಅದರಿಂದ ಹುಟ್ಟಿದ ಪಾರ್ಟ್ ಡಿ ಯೋಜನೆಯು 2006ರ ಜನವರಿ 1ರಂದು ಆರಂಭವಾಯಿತು. ವಿಮೆಯನ್ನು ನಡೆಸುವವರು ಖಾಸಗಿ ಕಂಪನಿಗಳು. ಔಷಧ ತಯಾರಕರೊಡನೆ ಸರ್ಕಾರವು ಬೆಲೆಯ ಚೌಕಾಸಿ ಮಾಡಕೂಡದೆಂದು ಶಾಸನವೇ ನಿಷೇಧಿಸಿತು. ಕೋಟ್ಯಂತರ ರೋಗಿಗಳ ಪರವಾಗಿ ಕೊಳ್ಳುವವನ ಬಾಯನ್ನೇ ಕಟ್ಟಿದ ಈ ನಿಯಮವನ್ನು ನಾನು ಆ ಶಾಸನದ ಅತ್ಯಂತ ದೊಡ್ಡ ಅನ್ಯಾಯವೆಂದು ಎಣಿಸುತ್ತೇನೆ. ವೆಚ್ಚವನ್ನು ಮಿತಿಯೊಳಗಿಡುವ ಸಲುವಾಗಿ ಇನ್ನೊಂದು ವಿಚಿತ್ರ ಏರ್ಪಾಡೂ ಇದ್ದಿತು: ಮೊದಲ 250 ಡಾಲರ್ ರೋಗಿಯದು, ಅಲ್ಲಿಂದ 2,250 ಡಾಲರಿನವರೆಗೆ ಮುಕ್ಕಾಲು ಪಾಲು ವಿಮೆಯದು, ಅದನ್ನು ಮೀರಿದೊಡನೆ 5,100 ಡಾಲರಿನ ತನಕ ಪೂರ್ತಿಯಾಗಿ ರೋಗಿಯದೇ. ಕಾಯಿಲೆ ಉಲ್ಬಣಿಸಿದವನಿಗೆ ನಡುವರ್ಷದಲ್ಲಿ ನೆರವು ನಿಂತುಹೋಗುವ ಈ ಅಂತರವು 2010ರ ಆರೋಗ್ಯವಿಮೆಯ ಶಾಸನದ ತರುವಾಯ ಕ್ರಮೇಣ ಕಿರಿದಾಗಿ, 2020ರ ಹೊತ್ತಿಗೆ ಮುಚ್ಚಿತು.

ಇದರಲ್ಲಿ ನಮ್ಮವರ ಪಾಲೂ ಉಂಟು. ಜಾನ್ಸನ್ ಅವರೇ 1965ರ ಅಕ್ಟೋಬರಿನಲ್ಲಿ ಅಂಕಿತ ಹಾಕಿದ ವಲಸೆ ಶಾಸನದ ದೆಸೆಯಿಂದ ತಾರುಣ್ಯದಲ್ಲಿ ಸಮುದ್ರ ದಾಟಿದ ಕನ್ನಡಿಗ ವೈದ್ಯರೂ ಎಂಜಿನಿಯರುಗಳೂ ಇಂದು ವೃದ್ಧರಾಗಿ, ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗಿನ ಅವಧಿಯಲ್ಲಿ ಮುಂದಿನ ವರ್ಷದ ಔಷಧವಿಮೆಯನ್ನು ಪರಾಮರ್ಶಿಸಬೇಕಾಗಿದೆ. ತಾವು ಸೇವಿಸುವ ಮಾತ್ರೆಯು ಯಾವ ಕಂಪನಿಯ ಪಟ್ಟಿಯಲ್ಲಿದೆಯೆಂದು ಹುಡುಕುವ ಶ್ರಮವನ್ನು ಆ ವಯಸ್ಸಿನವರ ಮೇಲೆ ಹೊರಿಸುವುದು ಸಲ್ಲದು.

ಚೌಕಾಸಿಯ ನಿಷೇಧ ಸಡಿಲವಾದುದು 2022ರ ಆಗಸ್ಟಿನಲ್ಲಿ ಅಂಕಿತ ಪಡೆದ ಹೊಸ ಶಾಸನದಿಂದ. ಆ ಶಾಸನವು 2023ರಿಂದ ಇನ್ಸುಲಿನ್ನಿಗೆ ತಿಂಗಳಿಗೆ 35 ಡಾಲರಿನ ಮಿತಿಯನ್ನೂ, 2025ರಲ್ಲಿ ರೋಗಿಯು ತನ್ನ ಕೈಯಿಂದ ತೆರುವ ಮೊತ್ತಕ್ಕೆ 2,000 ಡಾಲರಿನ ಮಿತಿಯನ್ನೂ ವಿಧಿಸಿತು. ಸರ್ಕಾರವು ತಾನೇ ಮಾತನಾಡಿ ನಿಗದಿಪಡಿಸಿದ ಮೊದಲ ಹತ್ತು ಔಷಧಗಳ ಬೆಲೆಗಳು ಜಾರಿಗೆ ಬಂದ ದಿನ 2026ರ ಜನವರಿ 1, ಪಾರ್ಟ್ ಡಿ ಆರಂಭವಾಗಿ ಸರಿಯಾಗಿ ಇಪ್ಪತ್ತು ವರ್ಷಗಳಿಗೆ.