ಯುದ್ಧ ಸಮಾಧಿಯ ಮಾನ್ಯತೆ ಯಾರಿಗೆ?

ಎರಡು ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಸಮಾಧಿಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ನೋಡಿಕೊಳ್ಳುತ್ತದೆ. 1917ರಲ್ಲಿ ಸ್ಥಾಪನೆಯಾದ ಈ ಆಯೋಗದಲ್ಲಿ ಭಾರತವೂ ಸದಸ್ಯ ರಾಷ್ಟ್ರ. ಅದರ ಮುಖ್ಯ ನಿಯಮಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಅವಧಿ: ಮರಣವು 1914 ಆಗಸ್ಟ್ 4ರಿಂದ 1921 ಆಗಸ್ಟ್ 31ರೊಳಗೆ ಅಥವಾ 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31ರೊಳಗೆ ಸಂಭವಿಸಿರಬೇಕು.

ಸೇವೆಯಲ್ಲಿದ್ದವರು: ರಣರಂಗದಲ್ಲೇ ಮಡಿದಿರಬೇಕೆಂದಿಲ್ಲ. ಕಾಯಿಲೆ, ಅಪಘಾತಗಳಿಂದ ತೀರಿಕೊಂಡವರೂ ಅರ್ಹರು.

ನಿವೃತ್ತರು: ಸೇನೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಇದೇ ಅವಧಿಯಲ್ಲಿ ತೀರಿಕೊಂಡಿದ್ದರೆ, ಸೇವೆಯಲ್ಲಿ ಆದ ಗಾಯ ಅಥವಾ ತಗಲಿದ ಕಾಯಿಲೆಯೇ ಸಾವಿಗೆ ಕಾರಣವೆಂದು ದಾಖಲೆ ಬೇಕು. ಮಾಜಿ ಸೈನಿಕ ಎಂಬುದಷ್ಟೇ ಸಾಲದು.

ದರ್ಜೆ: ಜನರಲ್‌ಗೂ ಸಿಪಾಯಿಗೂ ನಿಯಮ ಒಂದೇ. ದರ್ಜೆಯನ್ನು ಕಲ್ಲಿನ ಮೇಲೆ ಕೆತ್ತುತ್ತಾರೆ. ಅದರಿಂದ ಕಲ್ಲು ದೊಡ್ಡದಾಗುವುದಿಲ್ಲ.

ಈ ಸಮಾನತೆ ಎಲ್ಲೆಡೆ ಪಾಲನೆಯಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತ, ಆಫ್ರಿಕಾ ಮೊದಲಾದೆಡೆಯ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಕ್ಕಿಲ್ಲವೆಂದು ಆಯೋಗದ ವರದಿಯೇ 2021ರಲ್ಲಿ ಒಪ್ಪಿಕೊಂಡಿತು. ಬಿಟ್ಟುಹೋದ ಹೆಸರುಗಳನ್ನು ಪುರಾವೆ ಇದ್ದರೆ ಇಂದಿಗೂ ಸೇರಿಸಲಾಗುತ್ತದೆ.

ಆದ್ದರಿಂದ ಧರ್ಮಕೇಂದ್ರಗಳಲ್ಲಿ ನಮ್ಮದೊಂದು ವಿನಂತಿ: ಸ್ಮಶಾನದ ಹಳೆಯ ಸಮಾಧಿ ತೆರವುಗೊಳಿಸುವ ಮೊದಲು ಮರಣ ದಾಖಲೆ ಪುಸ್ತಕವನ್ನು ನೋಡಿ. ಸೈನಿಕನೆಂದು ಬರೆದಿದ್ದರೆ ಮರಣದ ದಿನಾಂಕ, ಕಾರಣಗಳನ್ನು ಗುರುತಿಸಿಕೊಳ್ಳಿ. ಮನೆಯವರಲ್ಲಿ ಸೇನೆಯ ಬಿಡುಗಡೆ ಪತ್ರ ಇದೆಯೇ ಎಂದು ವಿಚಾರಿಸಿ.