ಮೇದೋಜೀರಕ ಗ್ರಂಥಿಯ ಗಂತಿಗಳು: ವರ್ಗೀಕರಣದ ತತ್ತ್ವವಿಚಾರ

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿಗೆ ಅಡ್ಡಲಾಗಿ, ಸಣ್ಣ ಕರುಳಿನ ಮೊದಲ ಬಾಗಿನಿಂದ ಗುಲ್ಮದವರೆಗೆ ಚಾಚಿಕೊಂಡಿರುವ ಮೇದೋಜೀರಕ ಗ್ರಂಥಿಯು ಹೊರನೋಟಕ್ಕೆ ಒಂದೇ ಅವಯವವಾಗಿ ಕಂಡರೂ ಅದರ ಒಳಗೆ ಭಿನ್ನ ವೃತ್ತಿಯ ಮೂರು ಬಗೆಯ ಜೀವಕೋಶಗಳು ನೆಲೆಸಿವೆ. ಬಹುಭಾಗವನ್ನು ವ್ಯಾಪಿಸಿರುವ ಗುಚ್ಛಕೋಶಗಳು ಟ್ರಿಪ್ಸಿನ್, ಲೈಪೇಸ್ ಮೊದಲಾದ ಪಾಚಕ ಕಿಣ್ವಗಳನ್ನು ಸ್ರವಿಸುತ್ತವೆ. ಆ ರಸವನ್ನು ಕವಲೊಡೆದ ನಾಳಗಳು ಕರುಳಿಗೆ ಒಯ್ಯುತ್ತವೆ. ಇವುಗಳ ನಡುವೆ ಅಲ್ಲಲ್ಲಿ ಚದುರಿರುವ, 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸನು ತನ್ನ ಪ್ರಬಂಧದಲ್ಲಿ ವರ್ಣಿಸಿದ ಕಿರುದ್ವೀಪಗಳು ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಇಲ್ಲಿ ಹುಟ್ಟುವ ಗಂತಿಯ ಕೋಶಗಳು ಈ ಮೂರರಲ್ಲಿ ಯಾವುದರ ಸ್ವಭಾವವನ್ನು ತಳೆದಿವೆ ಎಂಬುದೇ ವರ್ಗೀಕರಣದ ಮೂಲಪ್ರಶ್ನೆ. ಆದರೆ ಸಾದೃಶ್ಯವೊಂದನ್ನೇ ನೆಚ್ಚಿದ ವರ್ಗೀಕರಣವು ಎಲ್ಲೆಲ್ಲಿ ಸಾಲದೆ ಹೋಯಿತು, ಆ ಕೊರತೆಯನ್ನು ಯಾವ ಯಾವ ಪ್ರಮಾಣಗಳು ತುಂಬಿದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಮೇದೋಜೀರಕದ ಕ್ಯಾನ್ಸರ್ ಎಂದು ಜನರು ಕರೆಯುವುದು ನಾಳಸ್ವಭಾವದ ಅಡಿನೋಕಾರ್ಸಿನೋಮವನ್ನು. ಈ ಗ್ರಂಥಿಯ ಮಾರಕ ಗಂತಿಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಇದೇ ಜಾತಿಗೆ ಸೇರಿದವು. ಹೆಚ್ಚಾಗಿ ಗ್ರಂಥಿಯ ತಲೆಯ ಭಾಗದಲ್ಲಿ ಹುಟ್ಟಿ, ಪಕ್ಕದ ಪಿತ್ತನಾಳವನ್ನು ಅಮುಕಿ ನೋವಿಲ್ಲದ ಕಾಮಾಲೆಯನ್ನು ಉಂಟುಮಾಡುವ ಇದನ್ನು ಕೊಯ್ದು ನೋಡಿದರೆ ಬೆಳ್ಳಗೆ, ಗಟ್ಟಿಯಾಗಿ, ಅಂಚು ಗೊತ್ತಾಗದಂತೆ ಹಬ್ಬಿರುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ವಕ್ರವಾದ ಪುಟ್ಟ ನಾಳಗಳು ದಟ್ಟವಾದ ನಾರಿನ ನಡುವೆ ವಿರಳವಾಗಿ ಹರಡಿರುವುದೂ, ನರತಂತುಗಳನ್ನು ಸುತ್ತುವರಿದಿರುವುದೂ ಕಾಣುತ್ತದೆ. ಗಡುಸುತನವು ಕ್ಯಾನ್ಸರ್ ಕೋಶಗಳದ್ದಲ್ಲ, ಅವು ಪ್ರಚೋದಿಸಿದ ನಾರಿನದು. ಇಂತಹ ಗಂತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟವುಗಳಲ್ಲಿ ಕೆರಾಸ್ ಎಂಬ ಜೀನು ವಿಕೃತಗೊಂಡಿರುತ್ತದೆ. ಆ ವಿಕೃತಿಯು ಸಣ್ಣ ನಾಳಗಳ ಒಳಪದರದಲ್ಲಿ, ಬರಿಗಣ್ಣಿಗೆ ಗೋಚರಿಸದ ಪೂರ್ವರೂಪದಲ್ಲಿಯೇ ಕಾಣಿಸಿಕೊಳ್ಳುವುದರಿಂದ, ಈ ಪೂರ್ವರೂಪಗಳೂ ಕೆಳದರ್ಜೆ, ಮೇಲ್ದರ್ಜೆ ಎಂಬ ವಿಭಾಗದೊಡನೆ ವರ್ಗೀಕರಣದಲ್ಲಿ ಸ್ಥಾನ ಪಡೆದಿವೆ.

ಹೊರರೂಪವನ್ನು ನಂಬಿ ಮೋಸಹೋದ ಪ್ರಸಂಗಕ್ಕೆ ದ್ರವ ತುಂಬಿದ ಚೀಲಗಂತಿಗಳೇ ಸಾಕ್ಷಿ. 1978ರಲ್ಲಿ ಅಮೆರಿಕದ ಕಂಪಾನೋ ಮತ್ತು ಓರ್ಟೆಲ್ ಎಂಬ ರೋಗಶಾಸ್ತ್ರಜ್ಞರು ಇವುಗಳನ್ನು ಎರಡು ವರ್ಗಗಳಾಗಿ ಬೇರ್ಪಡಿಸಿದರು. ತಿಳಿನೀರಿನಂತಹ ದ್ರವವುಳ್ಳ, ಗ್ಲೈಕೋಜನ್ ತುಂಬಿದ ಕೋಶಗಳಿಂದಾದ, ಸಣ್ಣ ಸಣ್ಣ ಕುಳಿಗಳ ಸಮೂಹವಾಗಿರುವ ಗಂತಿಯು ಪ್ರಾಯಶಃ ಯಾವಾಗಲೂ ನಿರಪಾಯಕರ. ಲೋಳೆಯನ್ನು ಸ್ರವಿಸುವುದು ಮಾತ್ರ ಇಂದು ಸೌಮ್ಯವಾಗಿ ಕಂಡರೂ ಮುಂದೆ ಮಾರಕವಾಗಬಲ್ಲದು. ಲೋಳೆಗಂತಿಗಳಲ್ಲಿಯೂ ಮತ್ತೆ ಭೇದವುಂಟು. ಒಂದು ಬಹುಮಟ್ಟಿಗೆ ಸ್ತ್ರೀಯರಲ್ಲಿ, ಗ್ರಂಥಿಯ ನಡು ಮತ್ತು ಬಾಲದ ಭಾಗಗಳಲ್ಲಿ, ನಾಳಸಂಪರ್ಕವಿಲ್ಲದೆ ಬೆಳೆಯುತ್ತದೆ. ಅದರ ಗೋಡೆಯಲ್ಲಿ ಅಂಡಾಶಯದಲ್ಲಿರುವಂತಹ ಅಂಗಾಂಶವಿರುವುದೇ ಅದರ ಗುರುತು. ಇನ್ನೊಂದು ನಾಳದೊಳಗೇ ಬೆಳೆದು ಅದನ್ನು ಹಿಗ್ಗಿಸುತ್ತದೆ. ಕರುಳಿನೊಳಕ್ಕೆ ಎಂಡೋಸ್ಕೋಪ್ ಇಳಿಸಿ ನೋಡಿದ ವೈದ್ಯನಿಗೆ, ನಾಳದ ಬಾಯಿ ಅಗಲವಾಗಿ ತೆರೆದು ಅದರೊಳಗಿಂದ ಲೋಳೆಯು ಒಸರುತ್ತಿರುವುದು ಕೆಲವು ರೋಗಿಗಳಲ್ಲಿ ಕಾಣುತ್ತದೆ.

ಗುಚ್ಛಕೋಶದ ಕಾರ್ಸಿನೋಮ ವಿರಳವಾದರೂ ತನ್ನ ವೃತ್ತಿಯನ್ನು ಮರೆಯದು. ಅದು ಅತಿಯಾಗಿ ಸ್ರವಿಸಿದ ಲೈಪೇಸ್ ರಕ್ತದಲ್ಲಿ ಹರಡಿ, ಕೆಲವರಲ್ಲಿ ಚರ್ಮದಡಿಯ ಕೊಬ್ಬು ಕೊಳೆತು ಗಂಟುಗಳಾಗುವುದೂ ಕೀಲುಗಳು ನೋಯುವುದೂ ಉಂಟು.

ಕಿರುದ್ವೀಪಗಳ ಸ್ವಭಾವದ, ನರ-ಅಂತಃಸ್ರಾವಕ ಗಂತಿಗಳ ವಿಚಾರವು ಹೆಚ್ಚು ಸೂಕ್ಷ್ಮವಾದುದು. 1927ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ರಕ್ತದ ಸಕ್ಕರೆ ಪದೇ ಪದೇ ಕುಸಿಯುತ್ತಿದ್ದ ರೋಗಿಯೊಬ್ಬನಲ್ಲಿ ಕಿರುದ್ವೀಪಗಳ ಕಾರ್ಸಿನೋಮವನ್ನು ಕಂಡುದನ್ನು ಪ್ರಕಟಿಸಿದರು. 1955ರಲ್ಲಿ ಜೋಲಿಂಜರ್ ಮತ್ತು ಎಲಿಸನ್ ಎಂಬವರು ಬಿಡದೆ ಕಾಡುವ ಜಠರಾಮ್ಲದ ಹುಣ್ಣುಗಳಿಗೂ ಇಂತಹ ಗಂತಿಗೂ ಸಂಬಂಧವಿರುವುದನ್ನು ತೋರಿಸಿದರು. ಇನ್ಸುಲಿನೋಮ, ಗ್ಯಾಸ್ಟ್ರಿನೋಮ ಎಂಬ ಹೆಸರುಗಳು ರೋಗಿಯ ದೇಹದಲ್ಲಿ ಹಾರ್ಮೋನು ಉಂಟುಮಾಡಿದ ಲಕ್ಷಣಗಳಿಗೆ ಸಲ್ಲತಕ್ಕವೇ ಹೊರತು, ಗಾಜಿನ ಹಲಗೆಯ ಮೇಲೆ ಆ ಹಾರ್ಮೋನಿನ ಬಣ್ಣ ಹತ್ತಿತೆಂಬ ಮಾತ್ರಕ್ಕೆ ಸಲ್ಲತಕ್ಕವಲ್ಲ. ಇವುಗಳ ಭವಿಷ್ಯವನ್ನು ಅಳೆಯುವುದಕ್ಕೆ ಎಣಿಕೆಯೇ ಸಾಧನ: ವಿಭಜನೆಗೆ ಸಿದ್ಧವಾದ ಕೋಶಗಳಿಗೆ ಕಂದುಬಣ್ಣ ಕೊಡುವ ಕೆಐ-67 ಪರೀಕ್ಷೆಯಲ್ಲಿ, ಅತ್ಯಂತ ದಟ್ಟವಾಗಿ ಬಣ್ಣ ಹತ್ತಿದ ಜಾಗವನ್ನು ಆರಿಸಿ ಕನಿಷ್ಠ 500 ಕೋಶಗಳನ್ನು ಲೆಕ್ಕಹಾಕಬೇಕು. ನೂರಕ್ಕೆ 3ಕ್ಕಿಂತ ಕಡಿಮೆಯಾದರೆ ಮೊದಲ ದರ್ಜೆ, 3ರಿಂದ 20ರವರೆಗೆ ಎರಡನೆಯದು, 20ನ್ನು ಮೀರಿದರೆ ಮೂರನೆಯದು. ಕೋಶವಿಭಜನೆಗಳ ಎಣಿಕೆಯು ಮೇಲಿನ ದರ್ಜೆಯನ್ನು ಸೂಚಿಸಿದರೆ ಅದನ್ನೇ ಅಂಗೀಕರಿಸಬೇಕು.

ಆದರೆ ಎಣಿಕೆಗೂ ಮಿತಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣವು ಮೂರನೆಯ ದರ್ಜೆಯವೆಲ್ಲವನ್ನೂ ಕಾರ್ಸಿನೋಮವೆಂದೇ ಕರೆದಿತ್ತು. ವೇಗವಾಗಿ ವಿಭಜಿಸುತ್ತಿದ್ದರೂ ರಚನೆಯಲ್ಲಿ ಕಿರುದ್ವೀಪದ ಹೋಲಿಕೆಯನ್ನು ಉಳಿಸಿಕೊಂಡಿರುವ ಗಂತಿಗಳ ನಡತೆ ಬೇರೆಯೇ ಎಂಬುದು ಮನದಟ್ಟಾದಾಗ, 2017ರ ಆವೃತ್ತಿಯು ಅವುಗಳನ್ನು ಕಾರ್ಸಿನೋಮದಿಂದ ಬೇರ್ಪಡಿಸಿತು. ಜೀನುಗಳೂ ಈ ವಿಭಾಗವನ್ನು ಸಮರ್ಥಿಸುತ್ತವೆ: ಹೋಲಿಕೆ ಉಳಿದವುಗಳಲ್ಲಿ ಮೆನ್-1, ಡ್ಯಾಕ್ಸ್, ಎಟಿಆರ್‌ಎಕ್ಸ್ ಎಂಬವು, ನಿಜವಾದ ಕಾರ್ಸಿನೋಮಗಳಲ್ಲಿ ಟಿಪಿ-53, ಆರ್‌ಬಿ-1 ಎಂಬವು ಹೆಚ್ಚಾಗಿ ಕೆಟ್ಟಿರುತ್ತವೆ.

ಸಾದೃಶ್ಯತತ್ತ್ವಕ್ಕೆ ಕಠಿಣ ಪರೀಕ್ಷೆಯನ್ನು ಒಡ್ಡಿದುದು 1959ರಲ್ಲಿ ವರ್ಜೀನಿಯಾ ಫ್ರಾಂಟ್ಜ್ ಎಂಬ ವಿದುಷಿ ವರ್ಣಿಸಿದ ಗಂತಿ. ಪ್ರಾಯದ ಸ್ತ್ರೀಯರಲ್ಲಿಯೇ ಹೆಚ್ಚಾಗಿ ಕಾಣುವ, ಘನಭಾಗವು ಸಡಿಲಗೊಂಡು ಹುಸಿಪಾಪಿಲೆಗಳಂತೆ ತೋರುವ ಇದರ ಕೋಶಗಳು ಮೂರು ಬಗೆಯಲ್ಲಿ ಯಾವುದನ್ನೂ ನಿಶ್ಚಿತವಾಗಿ ಹೋಲುವುದಿಲ್ಲ. ಇಲ್ಲಿ ಗುರುತನ್ನು ಒದಗಿಸಿದುದು ಬೀಟಾ-ಕೆಟೆನಿನ್ ಜೀನಿನ ವಿಕೃತಿ. ಆ ಪ್ರೋಟೀನು ಕೋಶಕೇಂದ್ರದಲ್ಲಿ ಶೇಖರವಾಗುವುದನ್ನು ಬಣ್ಣದಿಂದ ಕಾಣಬಹುದು. ಶಸ್ತ್ರಕ್ರಿಯೆಯಿಂದ ಪೂರ್ಣವಾಗಿ ತೆಗೆದಲ್ಲಿ ಬಹುತೇಕ ರೋಗಿಗಳು ಗುಣಹೊಂದುವುದರಿಂದ ಈ ಗುರುತಿನ ಬೆಲೆ ಅಲ್ಪವಾದುದಲ್ಲ.

ಸಾದೃಶ್ಯವು ಗಂತಿಯ ಕುಲವನ್ನೂ, ಎಣಿಕೆಯು ಅದರ ವೇಗವನ್ನೂ, ಜೀನು ಇವೆರಡೂ ಸಂದಿಗ್ಧವಾದಾಗ ನಿರ್ಣಯವನ್ನೂ ಕೊಡುತ್ತವೆಂದು ಇದರಿಂದ ಸಿದ್ಧವಾಗುತ್ತದೆ. ಗಂತಿಯ ಅಳತೆ ಮತ್ತು ಹರಡುವಿಕೆ ರೋಗದ ಹಂತವನ್ನು ತಿಳಿಸುವುವಾದರೂ ಕುಲವು ಗೊತ್ತಾಗದೆ ಅವುಗಳಿಗೆ ಅರ್ಥವಿಲ್ಲ. ಎರಡು ಸೆಂಟಿಮೀಟರಿನ ನಾಳಕ್ಯಾನ್ಸರಿಗೂ ಅಷ್ಟೇ ಅಳತೆಯ ಮೊದಲ ದರ್ಜೆಯ ಇನ್ಸುಲಿನೋಮಕ್ಕೂ ರೋಗಿಯ ಆಯುಸ್ಸಿನ ದೃಷ್ಟಿಯಿಂದ ಹೋಲಿಕೆಯೇ ಇಲ್ಲ. ಆದುದರಿಂದ ಕುಲ, ದರ್ಜೆ ಎರಡನ್ನೂ ಹೇಳದೆ ಕೇವಲ ಮೇದೋಜೀರಕದ ಕ್ಯಾನ್ಸರ್ ಎಂದು ಬರೆದ ವರದಿಯು ಚಿಕಿತ್ಸಕನಿಗೆ ಅಂಗದ ಹೆಸರನ್ನು ತಿಳಿಸಿತೇ ಹೊರತು ರೋಗದ ಹೆಸರನ್ನು ತಿಳಿಸಲಿಲ್ಲ.