ಕಾಂಪೌಂಡಿನ ದಾಸವಾಳಕ್ಕೂ ಒಂದು ಚರಿತ್ರೆ

ಆರ್.ಟಿ. ನಗರ, ಗಂಗೇನಹಳ್ಳಿ, ದಿಣ್ಣೂರಿನ ಹಳೆಯ ಮನೆಗಳ ಗೇಟಿನ ಪಕ್ಕ ಇಂದಿಗೂ ಒಂದು ಕೆಂಪು ದಾಸವಾಳ ಇದ್ದೇ ಇರುತ್ತದೆ. ಬೆಳಗಿನ ಪೂಜೆಗೆ ನಾಲ್ಕು ಹೂವು, ತಲೆಗೆ ಹಚ್ಚಲು ಎಲೆಯ ಲೋಳೆ: ಅಷ್ಟಕ್ಕೇ ಅದನ್ನು ಸಾಕಿದವರು ಬಹಳ. ಆದರೆ ಈ ಗಿಡವನ್ನು ಅಲಂಕಾರಕ್ಕಾಗಿ ಬೆಳೆಸುವ ವಿದ್ಯೆ ನಮ್ಮ ನಾಡಿನಲ್ಲಿ ಬೆಳೆದದ್ದು ಹೆಚ್ಚಾಗಿ ಬೆಂಗಳೂರಿನಲ್ಲೇ, ಅದರಲ್ಲೂ ಹೆಬ್ಬಾಳ ಮತ್ತು ಹೆಸರಘಟ್ಟದ ಆಸುಪಾಸಿನಲ್ಲಿ. ಅದರ ಫಲ ಈ ಕಾಂಪೌಂಡುಗಳಿಗೆ ಅರ್ಧದಷ್ಟು ಮಾತ್ರ ತಲುಪಿದೆ ಎಂಬುದು ನನ್ನ ಕೊರಗು.

ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಹೈಬಿಸ್ಕಸ್ ರೋಸಾ ಸೈನೆನ್ಸಿಸ್ ಎಂದು ಹೆಸರಿಟ್ಟಾಗಲೇ ಇದು ತೋಟದ ಗಿಡವಾಗಿತ್ತು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಹೊರನಾಡಿನ ಅಲಂಕಾರಿಕ ಗಿಡಗಳು ಬೆಂಗಳೂರಿಗೆ ಬರುವುದು ಹೆಚ್ಚಿತು. 1908ರಲ್ಲಿ ಬಂದ ತೋಟಗಾರಿಕಾ ತಜ್ಞ ಕ್ರುಂಬಿಗಲ್ 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಕಟ್ಟಿದರು. ಫಲಪುಷ್ಪ ಪ್ರದರ್ಶನದ ರೂಢಿಗೆ ಆ ಸಂಘವೂ ಒತ್ತಾಸೆಯಾಯಿತು. ಆ ಕಾಲದ ಬಂಗಲೆ ತೋಟಗಳಲ್ಲಿ ದಾಸವಾಳ ಬೇಲಿಗೆ ಒದಗಿತು. ಕಡ್ಡಿ ಮುರಿದು ನೆಟ್ಟರೆ ಬೇರು ಬಿಡುವ, ಎಷ್ಟು ಸವರಿದರೂ ಚಿಗುರುವ ಒಂಟಿ ಎಸಳಿನ ಕೆಂಪು ಬಗೆಗೆ ಅಲ್ಲಿ ಸಾಟಿ ಇರಲಿಲ್ಲ.

ಹೊರಜಗತ್ತು ಆಗಲೇ ಬೇರೆ ದಾರಿ ಹಿಡಿದಿತ್ತು. 19ನೇ ಶತಮಾನದ ಆರಂಭದಲ್ಲಿ ಮಾರಿಷಸ್‌ನ ಸಸ್ಯಪ್ರೇಮಿ ಚಾರ್ಲ್ಸ್ ಟೆಲ್ಫೇರ್ ತೋಟದ ದಾಸವಾಳವನ್ನು ಅಲ್ಲಿನ ಕಾಡು ದಾಸವಾಳದೊಂದಿಗೆ ಸಂಕರ ಮಾಡಿದ. ಪೂರ್ವ ಆಫ್ರಿಕದಿಂದ ಬಂದ, ಸೀಳು ಎಸಳುಗಳು ಜುಮುಕಿಯಂತೆ ತೂಗುವ ಜಾತಿಯೂ ಸೇರಿ, 20ನೇ ಶತಮಾನದ ಮೊದಲಲ್ಲಿ ಹವಾಯಿಯಲ್ಲಿ ಸಂಕರಣದ ಗೀಳೇ ಹಬ್ಬಿತು. ಅಂಗೈಗಿಂತ ದೊಡ್ಡದಾದ, ಎರಡು ಮೂರು ಬಣ್ಣ ಬೆರೆತ ಹೂವುಗಳ ವಂಶಾವಳಿ ಅಲ್ಲಿಗೆ ಹೋಗುತ್ತದೆ. ದಾಸವಾಳದ ಕೋಶದಲ್ಲಿ ವರ್ಣತಂತುಗಳ ಜೋಡಿಗಳು ಹಲವು ಪಟ್ಟು ಇರುವುದರಿಂದ ಒಂದೇ ಕಾಯಿಯ ಬೀಜಗಳಿಂದ ಹುಟ್ಟಿದ ಸಸಿಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಒಳ್ಳೆಯದೊಂದು ಸಿಕ್ಕರೆ ಅದನ್ನು ಕಡ್ಡಿ, ಗೂಟಿ ಅಥವಾ ಕಸಿಯಿಂದಲೇ ಉಳಿಸಿಕೊಳ್ಳಬೇಕು. ಈ ಹೊಸ ತಳಿಗಳಲ್ಲಿ ಹಲವಕ್ಕೆ ಸ್ವಂತ ಬೇರು ದುರ್ಬಲ. ಗಟ್ಟಿ ನಾಟಿ ಗಿಡದ ಮೇಲೆ ಕಸಿ ಕಟ್ಟುವುದು ಅದಕ್ಕೇ.

1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಗಿ, ಹೆಸರಘಟ್ಟ ಅದರ ನೆಲೆಯಾಯಿತು. ಅಲ್ಲಿ ಹಣ್ಣು ತರಕಾರಿಗಳ ಜೊತೆಗೆ ದಾಸವಾಳಕ್ಕೂ ಜಾಗ ಸಿಕ್ಕಿತು. ‘ಭಾರತ ಸುಂದರಿ’, ‘ಚಿತ್ರಲೇಖಾ’, ‘ಗೀತಾಂಜಲಿ’, ‘ಟ್ರೈಬಲ್ ಕ್ವೀನ್’ ಅಲ್ಲಿನ ತಳಿಗಳು. ಊರಿನ ಹೆಸರನ್ನೇ ಹೊತ್ತ ‘ಕ್ವೀನ್ ಆಫ್ ಹೆಸರಘಟ್ಟ’ ಕೂಡ ಇದೆ. ನಮ್ಮ ಹವೆಯಲ್ಲೇ ಹುಟ್ಟಿದ ತಳಿಗಳಿವು. ಆದರೂ ನರ್ಸರಿಗೆ ಹೋದರೆ ಸಿಗುವ ಉತ್ತರ ‘ಹೈಬ್ರಿಡ್’, ಇಲ್ಲವೇ ‘ಪುಣೆ ದಾಸವಾಳ’. ತಳಿಯ ಹೆಸರಿನ ಚೀಟಿ ಕಾಣುವುದು ಅಪರೂಪ. ಗುಲಾಬಿ ಬೆಳೆಗಾರರು ತಳಿಯ ಹೆಸರನ್ನು ಜತನ ಮಾಡಿದ ಹಾಗೆ ದಾಸವಾಳದವರು ಮಾಡಲಿಲ್ಲ. ತಳಿ ತಯಾರಿಸಿದ ಶ್ರಮ ಕಳೆದುಹೋದದ್ದು ಮಾರಾಟದ ಹಂತದಲ್ಲಿ.

ಹೂವಿನ ಗಾತ್ರಕ್ಕಿಂತಲೂ ಮನೆಯಂಗಳಕ್ಕೆ ಹೆಚ್ಚು ಉಪಕಾರ ಮಾಡಿದ ಸಂಶೋಧನೆ ಇನ್ನೊಂದಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆಯ ಜೊತೆ ದಾಸವಾಳವನ್ನೂ ಮುತ್ತಿತು. ಚಿಗುರೆಲ್ಲ ಬಿಳಿ ಹತ್ತಿಯಾಗಿ ಮುದುರುತ್ತಿತ್ತು. ಮೇಣದ ಹೊದಿಕೆಯಿರುವ ಈ ತಿಗಣೆಗೆ ಔಷಧಿ ಸುಲಭವಾಗಿ ತಾಗದು. ಆರ್.ಟಿ. ನಗರದ ಮಗ್ಗುಲಲ್ಲೇ, ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ (ಆಗ ಅದರ ಹೆಸರು ಸ್ವಲ್ಪ ಬೇರೆ) 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿ ಸಾಕಿ ಬಿಟ್ಟಿತು. ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಅದನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಅಸಿರೋಫೇಗಸ್ ಪಪಾಯೆ ಎಂಬ ಕಣಜ ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ನಗರದ ಹೂಕುಂಡಗಳವರು ಈ ಕಥೆಯನ್ನು ತಿಳಿದಿರಬೇಕು. ಬಿಳಿ ಕಂಡ ಕೂಡಲೇ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳು ಮತ್ತು ಗುಲಗಂಜಿ ಹುಳುಗಳು. ಪೈಪಿನ ನೀರು ರಭಸದಿಂದ ಬಿಟ್ಟು ತೊಳೆಯುವುದು, ಮುತ್ತಿದ ಕುಡಿ ಕತ್ತರಿಸುವುದು, ಇರುವೆ ಹತ್ತದಂತೆ ನೋಡುವುದು ಮೊದಲಾಗಲಿ. ತಿಗಣೆಯ ಸಿಹಿ ಸ್ರಾವಕ್ಕೆ ಬರುವ ಇರುವೆಗಳು ಕಣಜವನ್ನು ಓಡಿಸುತ್ತವೆ.

ಈಗ ಸೈಟುಗಳಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿವೆ, ದಾಸವಾಳ ನೆಲ ಬಿಟ್ಟು ತಾರಸಿಯ ಕುಂಡಕ್ಕೆ ಏರಿದೆ. ಕುಂಡಕ್ಕೆ ಕಸಿ ತಳಿ ಒಪ್ಪುತ್ತದೆ, ಬಿಸಿಲು ಮಾತ್ರ ಧಾರಾಳವಾಗಿ ಬೇಕು. ಹೂವು ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಸವರಲು ಹಿಂಜರಿಯಬಾರದು. ನೀರು ನಿಂತರೂ, ಬೇರು ಪೂರ್ತಿ ಒಣಗಿದರೂ ಮೊಗ್ಗು ಉದುರುತ್ತದೆ.

ಕಸಿ ಗಿಡ ಸತ್ತರೆ ಇನ್ನೊಂದು ಕೊಳ್ಳಬಹುದು. ಮನೆ ಕೆಡವುವಾಗ ಹೋಗುವ ಹಳೆಯ ಕೆಂಪು, ಮುದ್ದೆ ದಾಸವಾಳಗಳ ಮಾತು ಬೇರೆ. ಅವುಗಳಲ್ಲಿ ಎಷ್ಟೋ ಬಗೆಗಳನ್ನು ಯಾರೂ ಪಟ್ಟಿ ಮಾಡಿಟ್ಟಿಲ್ಲ. ಜೆಸಿಬಿ ಬರುವ ಮುಂಚೆ ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಬಲಿತ ಕಡ್ಡಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಎರಡೆಲೆ ಉಳಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಟ್ಟರೆ ಮಳೆಗಾಲದಲ್ಲಿ ಚೆನ್ನಾಗಿ ಬೇರು ಬಿಡುತ್ತವೆ.